ಎರೆ ಹೊಲಗಳ ನಡುವೆ ಕಪ್ಪತಗುಡ್ಡ ಬಂದದ್ದು ಹೇಗೆ?

ನಮ್ಮ ಮನೆಯವರ ವಾಟ್ಸಾಪ್ ಗುಂಪಿಗೆ ಇತ್ತೀಚೆಗೆ ಒಂದು ಮೆಸೇಜ್ ಬಂತು. ಕಪ್ಪತಗುಡ್ಡದ ಹೊಟ್ಟೆ ತುಂಬ ಬಂಗಾರ ಇದೆಯಂತೆ, ಕಬ್ಬಿಣವೂ ಇದೆಯಂತೆ, ಗುಡ್ಡ ಹೋದರೆ ಗದಗ ಜಿಲ್ಲೆಗೆ ಮಳೆಯೇ ಇಲ್ಲವಂತೆ. ಎಲ್ಲಾ ಒಂದೇ ಉಸಿರಿನಲ್ಲಿ. ಕೆಳಗೆ ಪ್ರಶ್ನೆಗಳ ಸಾಲು. ಇದು ಖರೇನಾ? ಅಲ್ಲೇ ಯಾಕೆ ಬಂಗಾರ, ನಮ್ಮ ಹೊಲದಲ್ಲಿ ಯಾಕಿಲ್ಲ? ಇವೆಲ್ಲದರ ನಡುವೆ ಹುಬ್ಬಳ್ಳಿಯಲ್ಲಿ ಎಂಟನೇ ಕ್ಲಾಸು ಓದುವ ನಮ್ಮ ಹುಡುಗಿಯೊಬ್ಬಳು ಕೇಳಿದ್ದು ಬೇರೆಯೇ: "ಸುತ್ತಲೂ ಸಪಾಟ ಎರೆ ಭೂಮಿ. ನಡುವೆ ಅಷ್ಟುದ್ದ ಗುಡ್ಡ ಎಲ್ಲಿಂದ ಬಂತು?"

ಅವಳ ಪ್ರಶ್ನೆಗೆ ಉತ್ತರ ಸಿಕ್ಕರೆ ಉಳಿದವು ತಾವಾಗಿಯೇ ಬಿಡಿಸಿಕೊಳ್ಳುತ್ತವೆ. ಬಂಗಾರ, ಗಾಳಿ, ಮಳೆ, ಹುಲ್ಲು, ಹಳ್ಳದ ನೀರು ಎಲ್ಲವೂ ಆ ಗುಡ್ಡ ಯಾವ ಕಲ್ಲಿನದು, ಯಾವ ದಿಕ್ಕಿಗೆ ಮಲಗಿದೆ ಅನ್ನುವುದರ ಮೇಲೆ ನಿಂತಿವೆ. ಹಾಗಾಗಿ ಬುಡದಿಂದ ಶುರು ಮಾಡೋಣ.

ಗುಡ್ಡ ಎಲ್ಲಿಂದ ಎಲ್ಲಿವರೆಗೆ

ಕಪ್ಪತಗುಡ್ಡ ಅಂದರೆ ಒಂದೇ ಗುಡ್ಡ ಅಲ್ಲ, ಒಂದು ಸಾಲು. ಗದಗ ಪಕ್ಕದ ಬಿಂಕದಕಟ್ಟಿ ಹತ್ತಿರ ಶುರುವಾಗಿ ಆಗ್ನೇಯಕ್ಕೆ ಹೋಗುತ್ತದೆ. ಗದಗ, ಶಿರಹಟ್ಟಿ, ಮುಂಡರಗಿ ತಾಲ್ಲೂಕುಗಳನ್ನು ಹಾದು ಸಿಂಗಟಾಲೂರಿನ ಹತ್ತಿರ ತುಂಗಭದ್ರೆ ದಂಡೆಗೆ ಮುಟ್ಟುತ್ತದೆ. ಉದ್ದ ಸುಮಾರು 60 ಕಿಲೋಮೀಟರ್. ಅಂದರೆ ಹುಬ್ಬಳ್ಳಿಯಿಂದ ಗದಗಕ್ಕೆ ಬಸ್ಸಿನಲ್ಲಿ ಹೋದಷ್ಟು ದೂರ.

ಎತ್ತರ ಮಾತ್ರ ಹಾಗೆ ಬೆರಗು ಹುಟ್ಟಿಸುವಂಥದ್ದಲ್ಲ. ಗದಗ ಊರೇ ಸಮುದ್ರ ಮಟ್ಟದಿಂದ ಸುಮಾರು 650 ಮೀಟರ್ ಎತ್ತರದಲ್ಲಿದೆ. ಗುಡ್ಡದ ಸಾಲು ಅಲ್ಲಿಂದ ಕೆಲವು ನೂರು ಅಡಿ ಮೇಲೆ ಹೋಗುತ್ತದೆ ಅಷ್ಟೇ. ಆದರೆ ಸುತ್ತಲೂ ಕಣ್ಣು ಹಾಯುವಷ್ಟು ದೂರ ಬಯಲು ಇರುವುದರಿಂದ ಗುಡ್ಡ ಇದ್ದದ್ದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಒಳಗೆ ಹೋದರೆ ಇನ್ನೊಂದು ವಿಷಯ ಗೊತ್ತಾಗುತ್ತದೆ. ಹೊರಗಿಂದ ಒಂದು ಗೋಡೆ ಅನ್ನಿಸಿದ್ದು ಒಳಗೆ ಹತ್ತಾರು ಸಣ್ಣ ಸಾಲುಗಳು, ಅವುಗಳ ನಡುವೆ ಕೊಳ್ಳಗಳು, ಕಣಿವೆಗಳು. ಒಂದು ಏರು ಹತ್ತಿ ಇಳಿದರೆ ಮತ್ತೊಂದು ಏರು. ಸಾಲುಗಳೆಲ್ಲ ಹೆಚ್ಚು ಕಡಿಮೆ ಒಂದೇ ದಿಕ್ಕಿಗೆ, ವಾಯವ್ಯದಿಂದ ಆಗ್ನೇಯಕ್ಕೆ. ಈ ದಿಕ್ಕು ನೆನಪಿಡಿ, ಗಾಳಿಯ ಮಾತು ಬಂದಾಗ ಬೇಕಾಗುತ್ತದೆ.

"ಎಪ್ಪತ್ತು ಗಿರಿ ನೋಡುವುದಕ್ಕಿಂತ ಕಪ್ಪತಗಿರಿ ನೋಡು" ಅಂತ ಈ ಕಡೆ ಒಂದು ಮಾತಿದೆ. ಉತ್ತರ ಕರ್ನಾಟಕದ ಸಹ್ಯಾದ್ರಿ ಅಂತಲೂ ಕರೆಯುತ್ತಾರೆ. ಪ್ರೀತಿಯಿಂದ ಕರೆಯುವುದು ಸರಿ. ಆದರೆ ಇವೆರಡೂ ಹುಟ್ಟಿದ ರೀತಿ ಬೇರೆ ಬೇರೆ. ಸಹ್ಯಾದ್ರಿ ನಮ್ಮ ಭೂಭಾಗದ ಪಡುವಣ ಅಂಚು. ಆ ಕಡೆಯಿದ್ದ ನೆಲ ಒಡೆದು ದೂರ ಹೋದಾಗ ಉಳಿದ ಕಡಿದಾದ ದಂಡೆ ಅದು. ಕಪ್ಪತಗುಡ್ಡ ಯಾವ ಅಂಚಿನಲ್ಲೂ ಇಲ್ಲ, ಒಳನಾಡಿನ ನಟ್ಟನಡುವೆ ಇದೆ.

ಸುತ್ತಲಿನದು ಸವೆಯಿತು, ಇದು ಉಳಿಯಿತು

ಗುಡ್ಡ ಅಂದ ಕೂಡಲೇ ನಮಗೆ ಬರುವ ಚಿತ್ರ ಏನು? ಕೆಳಗಿಂದ ಯಾರೋ ನೂಕಿದ ಹಾಗೆ ನೆಲ ಮೇಲೆದ್ದದ್ದು. ಹಿಮಾಲಯ ಹಾಗೆಯೇ ಎದ್ದಿದೆ, ಈಗಲೂ ಏಳುತ್ತಿದೆ. ಕಪ್ಪತಗುಡ್ಡದ ಕಥೆ ತಿರುವುಮುರುವು. ಇಲ್ಲಿ ಗುಡ್ಡ ಮೇಲೆ ಬರಲಿಲ್ಲ, ಸುತ್ತಲಿನ ನೆಲ ಕೆಳಗೆ ಹೋಯಿತು.

ಹಳೆ ಮನೆಯ ಕಟ್ಟಿಗೆ ಹೊಸ್ತಿಲು ನೋಡಿದ್ದೀರಾ? ಮೂರು ನಾಲ್ಕು ತಲೆಮಾರು ತುಳಿದು ತುಳಿದು ಮರ ಸವೆದಿರುತ್ತದೆ. ಆದರೆ ಗಂಟು ಇದ್ದ ಜಾಗ ಸವೆದಿರುವುದಿಲ್ಲ. ಕೈಯಾಡಿಸಿದರೆ ಅಲ್ಲಿ ಉಬ್ಬು ಸಿಗುತ್ತದೆ. ಗಂಟು ಬೆಳೆದು ಮೇಲೆ ಬಂದದ್ದಲ್ಲ, ಗಟ್ಟಿ ಇದ್ದದ್ದಕ್ಕೆ ಉಳಿದದ್ದು. ಕಪ್ಪತಗುಡ್ಡ ಈ ಬಯಲಿನ ಗಂಟು.

ಬಯಲಿನ ಅಡಿಯಲ್ಲಿ ಬಹುಪಾಲು ಇರುವುದು ನೈಸ್ ಅನ್ನುವ ಕಲ್ಲು. ನೋಡಲು ಗ್ರಾನೈಟಿನ ತಮ್ಮನ ಹಾಗೆ, ಬಿಳಿ ಕಪ್ಪು ಗೆರೆಗಳು. ಇದು ಕೂಡ ಗಟ್ಟಿಯೇ. ಆದರೆ ಇದರೊಳಗಿನ ಒಂದು ಮುಖ್ಯ ಖನಿಜ, ಫೆಲ್ಡ್‌ಸ್ಪಾರ್, ನೀರಿಗೆ ಬಗ್ಗುತ್ತದೆ. ಲಕ್ಷಾಂತರ ವರ್ಷ ಮಳೆ ನೀರು ತಾಗಿ ತಾಗಿ ಅದು ಜೇಡಿಯಾಗುತ್ತದೆ. ಜೇಡಿಯಾದದ್ದು ಹಳ್ಳ ಹಿಡಿದು ಹೋಗುತ್ತದೆ, ಇಲ್ಲವೇ ಅಲ್ಲೇ ಕುಳಿತು ಎರೆ ಮಣ್ಣಾಗುತ್ತದೆ. ಗುಡ್ಡದ ಕಲ್ಲುಗಳಲ್ಲಿ, ಅದರಲ್ಲೂ ಏಣುಗಳ, ಅಂದರೆ ಸಾಲಿನ ಚೂಪು ನೆತ್ತಿಗಳ, ಮೇಲಿರುವ ಕಲ್ಲುಗಳಲ್ಲಿ, ಜಾಸ್ತಿ ಇರುವುದು ಸಿಲಿಕಾ ಮತ್ತು ಕಬ್ಬಿಣದ ಅದಿರು. ಸಿಲಿಕಾ ಅಂದರೆ ಬೆಣಚುಕಲ್ಲಿನಲ್ಲಿ ಇರುವುದೇ. ಮಳೆ ನೀರಿಗೆ ಅದನ್ನು ಕರಗಿಸಲು ಸುಲಭವಲ್ಲ.

ಹೀಗೆ ಮೆತ್ತಗಿನದು ತಗ್ಗಿತು, ಗಟ್ಟಿಯಾದದ್ದು ನಿಂತಿತು. ಗುಡ್ಡದ ಒಳಗೂ ಇದೇ ಲೆಕ್ಕ. ಗಟ್ಟಿ ಪದರ ಇದ್ದಲ್ಲಿ ಏಣು, ಮೆತ್ತನೆ ಪದರ ಇದ್ದಲ್ಲಿ ಕೊಳ್ಳ. ಆ ಹತ್ತಾರು ಸಾಲುಗಳು ಬಂದದ್ದು ಹಾಗೆ.

ನರಗುಂದ, ಗಜೇಂದ್ರಗಡದ ಗುಡ್ಡಗಳೂ ಇದೇ ಜಿಲ್ಲೆಯವು. ಆದರೆ ಕಪ್ಪತಗುಡ್ಡಕ್ಕೆ ಅವು ಸಂಬಂಧಿಕರಲ್ಲ. ಗಜೇಂದ್ರಗಡದ್ದು ಬಾದಾಮಿ ಕಡೆಯ ಕೆಂಪು ಮರಳುಗಲ್ಲು, ಇದಕ್ಕಿಂತ ಎಷ್ಟೋ ಕಿರಿಯದು. ಅದಕ್ಕೇ ಅಲ್ಲಿ ಮೇಜಿನ ಹಾಗೆ ತಲೆ ಸಪಾಟಾದ ಗುಡ್ಡಗಳು, ಇಲ್ಲಿ ಹಂದಿಯ ಬೆನ್ನಿನ ಹಾಗೆ ಚೂಪು ಏಣುಗಳು. ಪದರ ಅಡ್ಡ ಮಲಗಿದ್ದರೆ ಮೇಜು, ನೆಟ್ಟಗೆ ನಿಂತಿದ್ದರೆ ಏಣು.

ಕಲ್ಲಿನಲ್ಲಿ ಉಳಿದ ಸಮುದ್ರ

ಪದರ ನೆಟ್ಟಗೆ ನಿಂತದ್ದು ಯಾಕೆ? ಇದಕ್ಕೆ ಬಹಳ ಹಿಂದೆ ಹೋಗಬೇಕು. ಎಷ್ಟು ಹಿಂದೆ ಅಂದರೆ ಸುಮಾರು 260 ಕೋಟಿ ವರ್ಷ. ಹಿಮಾಲಯ ಏಳಲು ಶುರುವಾಗಿ 5 ಕೋಟಿ ವರ್ಷವಾಯಿತು. ಡೈನೋಸಾರ್‌ಗಳು ಹೋಗಿ 6.6 ಕೋಟಿ ವರ್ಷ. 260 ಕೋಟಿ ಅಂದಾಗ ಭೂಮಿಯ ಮೇಲೆ ಗಿಡ ಇರಲಿಲ್ಲ, ಹುಲ್ಲಿರಲಿಲ್ಲ, ಮೀನೂ ಇರಲಿಲ್ಲ. ಇದ್ದದ್ದು ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಮಾತ್ರ.

ಆಗ ಇಲ್ಲಿ ಸಮುದ್ರವಿತ್ತು. ಅದರ ತಳದಲ್ಲಿ ಜ್ವಾಲಾಮುಖಿಗಳಿದ್ದವು. ಲಾವಾ ನೀರಿನೊಳಗೆ ಉಕ್ಕಿದರೆ ಮೇಲ್ಮೈ ತಟ್ಟನೆ ಆರಿ ಗಟ್ಟಿಯಾಗುತ್ತದೆ, ಒಳಗಿನದು ಬಿಸಿಯಾಗಿಯೇ ಇದ್ದು ಮುಂದೆ ಒತ್ತಿಕೊಂಡು ಬರುತ್ತದೆ. ಹೀಗೆ ದಿಂಬು ದಿಂಬಾಗಿ ಒಂದರ ಮೇಲೊಂದು ಬೀಳುತ್ತದೆ. ಈ ದಿಂಬು ಲಾವಾ ಚೆನ್ನಾಗಿ ಕಾಣಬೇಕೆಂದರೆ ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಗೆ ಹೋಗಬೇಕು, ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಅಲ್ಲಿಯದು ಇಲ್ಲಿ ಯಾಕೆ ಹೇಳಿದೆ ಅಂದರೆ ಅದೂ ಇದೂ ಒಂದೇ ಪಟ್ಟಿಯ ಕಲ್ಲು. ಗದಗದಿಂದ ಶುರುವಾಗಿ ತುಂಗಭದ್ರೆ ದಾಟಿ, ಚಿತ್ರದುರ್ಗ ಹಾದು, ಶ್ರೀರಂಗಪಟ್ಟಣದ ಕಡೆಗೆ ಸುಮಾರು 450 ಕಿಲೋಮೀಟರ್ ಹೋಗುವ ಒಂದು ಉದ್ದನೆಯ ಪಟ್ಟಿ ಇದೆ. ಅದರ ಬಡಗಣ ತುದಿಯೇ ನಮ್ಮ ಕಪ್ಪತಗುಡ್ಡ. ನಕ್ಷೆಯಲ್ಲಿ ನೋಡಿದರೆ ರಾಜ್ಯದ ನಡುವೆ ಯಾರೋ ಹೊಲಿಗೆ ಹಾಕಿದ ಹಾಗೆ ಕಾಣುತ್ತದೆ.

ಲಾವಾ ಅಲ್ಲದೆ ಆ ಸಮುದ್ರದ ತಳಕ್ಕೆ ಕೆಸರು ಬಂತು, ಮರಳು ಬಂತು. ಇನ್ನೊಂದು ಬಂತು, ನನಗೆ ಬಹಳ ಇಷ್ಟವಾದದ್ದು. ಆ ಕಾಲದ ಗಾಳಿಯಲ್ಲಿ ಆಮ್ಲಜನಕ ಇರಲಿಲ್ಲ ಅನ್ನುವಷ್ಟು ಕಡಿಮೆ. ಆಮ್ಲಜನಕ ಇಲ್ಲದಿದ್ದರೆ ಕಬ್ಬಿಣ ತುಕ್ಕು ಹಿಡಿಯುವುದಿಲ್ಲ, ನೀರಿನಲ್ಲಿ ಉಪ್ಪಿನ ಹಾಗೆ ಕರಗಿಕೊಂಡೇ ಇರುತ್ತದೆ. ಹಾಗೆ ಸಮುದ್ರದ ತುಂಬ ಕಬ್ಬಿಣ ಕರಗಿತ್ತು. ಅದು ತುಕ್ಕಾದಾಗ ನೀರಿನಲ್ಲಿ ನಿಲ್ಲಲಾರದೆ ತಳಕ್ಕೆ ಕೂತಿತು. ಅದರ ಮೇಲೆ ಸಿಲಿಕಾದ ಒಂದು ಪದರ. ಮತ್ತೆ ಕಬ್ಬಿಣ, ಮತ್ತೆ ಸಿಲಿಕಾ. ಹೀಗೆ ಪಟ್ಟೆ ಪಟ್ಟೆಯಾಗಿ ಕೂತದ್ದಕ್ಕೆ ಪಟ್ಟೆ ಕಬ್ಬಿಣಗಲ್ಲು ಅನ್ನಬಹುದು.

ಗುಡ್ಡದ ಬುಡದ ಒಂದು ಹೊಲದ ಬದುವಿನಲ್ಲಿ ನಾನು ಇಂಥ ಒಂದು ಕಲ್ಲು ಕೈಯಲ್ಲಿ ಹಿಡಿದಿದ್ದೆ. ಅಂಗೈ ಅಗಲ ಅಷ್ಟೇ. ಎತ್ತಿದ ಕೂಡಲೇ ಕೈ ಜಗ್ಗಿತು. ಅಷ್ಟೇ ಗಾತ್ರದ ಬೇರೆ ಕಲ್ಲಿಗಿಂತ ಎಷ್ಟೋ ಭಾರ. ಉಗುಳು ಹಚ್ಚಿ ಒರೆಸಿದರೆ ಗೆರೆಗಳು ಎದ್ದವು: ಒಂದು ಕೆಂಪು, ಒಂದು ಕಪ್ಪು, ಒಂದು ಮತ್ತೆ ಕೆಂಪು, ಕೆಲವು ಬೆರಳಿನಷ್ಟು ದಪ್ಪ, ಕೆಲವು ಇಳಕಲ್ ಸೀರೆ ಅಂಚಿನ ನೂಲಿನಷ್ಟು ಸಣ್ಣ. ಜತೆಗಿದ್ದ ಹುಡುಗನ ಹತ್ತಿರ ಹಳೆ ಸ್ಪೀಕರಿನ ಅಯಸ್ಕಾಂತ ಇತ್ತು. ಕಪ್ಪು ಗೆರೆಗೆ ತಂದರೆ ಟಕ್ಕನೆ ಅಂಟಿಕೊಂಡಿತು. ಕಪ್ಪು ಗೆರೆಯಲ್ಲಿ ಮ್ಯಾಗ್ನೆಟೈಟ್ ಅನ್ನುವ ಕಬ್ಬಿಣದ ಅದಿರು ಇದ್ದರೆ ಹಾಗಾಗುತ್ತದೆ. ಮೀನು ಕೂಡ ಹುಟ್ಟದ ಕಾಲದ ಸಮುದ್ರದ ತಳ ಅಂಗೈಯಲ್ಲಿತ್ತು. ಕಲ್ಲನ್ನು ಅಲ್ಲೇ ಬದುವಿಗೆ ಇಟ್ಟು ಬಂದೆವು.

ಈಗ ನೆಟ್ಟಗೆ ನಿಂತ ಪದರದ ಮಾತು. ಸಮುದ್ರದ ತಳದಲ್ಲಿ ಪದರಗಳು ರೊಟ್ಟಿ ಒಟ್ಟಿದ ಹಾಗೆ ಅಡ್ಡಡ್ಡ ಇದ್ದವು. ಆಮೇಲೆ, ಸುಮಾರು 250 ಕೋಟಿ ವರ್ಷದ ಹಿಂದೆ, ಎರಡೂ ಬದಿಯಿಂದ ಭೂಖಂಡದ ತುಂಡುಗಳು ಒತ್ತಿದವು. ನೆಲದ ಮೇಲೆ ಹಾಸಿದ ಕಂಬಳಿಯ ಎರಡು ತುದಿ ಹಿಡಿದು ಒಳಕ್ಕೆ ನೂಕಿ ನೋಡಿ. ಮಡಿಕೆ ಬೀಳುತ್ತದೆ. ಇನ್ನೂ ನೂಕಿದರೆ ಮಡಿಕೆಯ ಬದಿಗಳು ನೆಟ್ಟಗೆ ನಿಲ್ಲುತ್ತವೆ. ಅಷ್ಟೇ ಆದದ್ದು. ಪೂರ್ವ, ಪಶ್ಚಿಮದಿಂದ ಒತ್ತಿದ್ದಕ್ಕೆ ಮಡಿಕೆಗಳು ಉತ್ತರ ದಕ್ಷಿಣವಾಗಿ, ಇಲ್ಲಿ ಸ್ವಲ್ಪ ವಾಲಿ ವಾಯವ್ಯ ಆಗ್ನೇಯವಾಗಿ ಬಿದ್ದವು. ಒತ್ತಡ, ಕಾವು ಎರಡೂ ಸೇರಿ ಕಲ್ಲುಗಳ ಗುಣವೇ ಬದಲಾಯಿತು. ಕೆಸರು ಹೋಗಿ ಹಾಳೆ ಹಾಳೆಯಾಗಿ ಬಿಡಿಸಿಕೊಳ್ಳುವ ಕಲ್ಲಾಯಿತು. ಹೀಗೆ ಹಾಳೆಯಾಗಿ ಸೀಳುವ ಕಲ್ಲಿಗೆ ಶಿಸ್ಟ್ ಅನ್ನುತ್ತಾರೆ. ಇಡೀ ಪಟ್ಟಿಗೆ ಶಿಸ್ಟ್ ಪಟ್ಟಿ ಅಂತ ಹೆಸರು ಬಂದದ್ದು ಅದಕ್ಕೇ.

ಈ ಬಗೆಯ ಪಟ್ಟಿಗಳಲ್ಲಿ ಸಿಗುವ ಒಂದು ಮೆತ್ತನೆ ಕಲ್ಲು ನಮಗೆಲ್ಲ ಗೊತ್ತಿರುವುದೇ, ಬಳಪದ ಕಲ್ಲು. ಸ್ಲೇಟಿನ ಮೇಲೆ ಬರೆದವರಿಗೆ ಅದರ ನುಣುಪು ನೆನಪಿರುತ್ತದೆ. ಬಾದಾಮಿ ಚಾಲುಕ್ಯರ ಕಾಲದ ಗುಡಿಗಳು ಮರಳುಗಲ್ಲಿನವು, ದೊಡ್ಡ ದೊಡ್ಡ ಬಂಡೆ, ಗಟ್ಟಿ ಗೆರೆ. ಕಲ್ಯಾಣ ಚಾಲುಕ್ಯರ ಕಾಲಕ್ಕೆ ಲಕ್ಕುಂಡಿ, ಡಂಬಳದ ಕಡೆ ಬಂದರೆ ಗುಡಿಗಳು ಬಳಪದ ಕಲ್ಲಿನವು, ಕಂಬಗಳು ಲೇತಿನಲ್ಲಿ ತಿರುಗಿಸಿದ ಹಾಗೆ ಗುಂಡಗೆ, ಕೆತ್ತನೆ ಜರಿಯ ಹಾಗೆ ಸಣ್ಣ. ಡಂಬಳದ ದೊಡ್ಡಬಸಪ್ಪನ ಗುಡಿಯ ಗೋಡೆ ನಕ್ಷತ್ರದ ಹಾಗೆ ಮೂಲೆ ಮೂಲೆಯಾಗಿ ಸುತ್ತುತ್ತದಲ್ಲ, ಆ ಕೆಲಸಕ್ಕೆ ಉಳಿಯ ಮಾತು ಕೇಳುವ ಕಲ್ಲು ಬೇಕಿತ್ತು.

ಜಗತ್ತಿನ ಪುಸ್ತಕಗಳಲ್ಲಿ ಧಾರವಾಡ

ಹಾಡುಗಾರರು, ಕವಿಗಳು, ಪೇಢೆ, ಧಾರವಾಡ ಅಂದರೆ ನಮಗೆ ಇವು. ಆದರೆ ಆಸ್ಟ್ರೇಲಿಯಾದಲ್ಲೋ ಕೆನಡಾದಲ್ಲೋ ಕುಳಿತ ಭೂವಿಜ್ಞಾನಿಗೆ ಧಾರವಾಡ ಅಂದರೆ ಕಲ್ಲು. ರಾಬರ್ಟ್ ಬ್ರೂಸ್ ಫೂಟ್ ಅನ್ನುವ ಬ್ರಿಟಿಷ್ ಭೂವಿಜ್ಞಾನಿ ಹತ್ತೊಂಬತ್ತನೇ ಶತಮಾನದಲ್ಲಿ ಈ ಭಾಗ ಸುತ್ತಿದರು. ಸುತ್ತಲ ನೈಸ್ ಕಲ್ಲಿಗಿಂತ ಬೇರೆಯಾದ ಈ ಪದರುಗಲ್ಲುಗಳ ಗುಂಪಿಗೆ 1880ರ ದಶಕದಲ್ಲಿ ಧಾರವಾಡದ ಹೆಸರಿಟ್ಟರು. ಇವತ್ತು ದಕ್ಷಿಣ ಭಾರತದ ಈ ಹಳೆಯ ಭೂಖಂಡದ ತುಂಡಿಗೆ ಧಾರವಾಡ ಕ್ರೇಟಾನ್ ಅಂತಲೇ ಹೆಸರು. ಕ್ರೇಟಾನ್ ಅಂದರೆ ಕೋಟ್ಯಂತರ ವರ್ಷದಿಂದ ಹೆಚ್ಚು ಅಲುಗಾಡದೆ ಕುಳಿತ ಹಳೆ ನೆಲಗಟ್ಟು.

ಈ ನೆಲಗಟ್ಟು ಎರಡು ಭಾಗ: ಪಶ್ಚಿಮ, ಪೂರ್ವ. ಎರಡರ ನಡುವಿನ ಗಡಿ ಅಂತ ಬಹಳ ಜನ ಭೂವಿಜ್ಞಾನಿಗಳು ತೋರಿಸುವುದು ಈ ಗದಗ, ಚಿತ್ರದುರ್ಗ ಪಟ್ಟಿಯ ಮೂಡಣ ಬದಿಯನ್ನು. ಅಲ್ಲಿ ಕಲ್ಲು ಒಂದಕ್ಕೊಂದು ಉಜ್ಜಿ, ಜಾರಿ, ನುಗ್ಗಾಗಿದೆ. ಬಂಗಾರದ ಕಥೆಗೆ ಈ ಬಿರುಕು ಬೇಕು. ಅಂದ ಹಾಗೆ ಹುಬ್ಬಳ್ಳಿ ಧಾರವಾಡದ ಕಾಲ ಕೆಳಗೂ ಇದೇ ಕುಲದ ಕಲ್ಲೇ ಇದೆ, ಆದರೆ ಅದು ಶಿವಮೊಗ್ಗದ ಕಡೆಯಿಂದ ಬರುವ ಬೇರೆ ಪಟ್ಟಿ.

ಬಂಗಾರ ಇದೆಯಾ?

ಇದೆ. ಆದರೆ ಮೆಸೇಜಿನಲ್ಲಿ ಬಂದ ಹಾಗೆ ಗಟ್ಟಿ ಗಟ್ಟಿಯಾಗಿ ಅಲ್ಲ.

ಭೂಮಿಯ ಆಳದಲ್ಲಿ ನೀರು ಕುದಿಯುವುದಕ್ಕಿಂತ ಎಷ್ಟೋ ಪಾಲು ಬಿಸಿಯಾಗಿರುತ್ತದೆ. ಮೇಲಿನ ಭಾರಕ್ಕೆ ಆವಿಯಾಗಲಾರದೆ ಕಲ್ಲಿನ ಸಂದಿಯಲ್ಲಿ ಓಡಾಡುತ್ತದೆ. ಓಡಾಡುವಾಗ ಕಲ್ಲಿನಲ್ಲಿದ್ದ ಬಂಗಾರದ ಕಣಗಳನ್ನು, ಸಿಲಿಕಾವನ್ನು ಕರಗಿಸಿಕೊಳ್ಳುತ್ತದೆ. ಬಿರುಕು ಸಿಕ್ಕಲ್ಲಿ ಮೇಲೆ ಬರುತ್ತದೆ. ಮೇಲೆ ಬಂದಂತೆ ಆರುತ್ತದೆ, ಕರಗಿದ್ದನ್ನೆಲ್ಲ ಅಲ್ಲೇ ಬಿಡುತ್ತದೆ. ದಿನಾ ನೀರು ಕಾಯಿಸುವ ಬೋಗುಣಿಯ ಒಳಗೆ ಬಿಳಿ ಪೊರೆ ಕಟ್ಟುವುದು ನೋಡಿದ್ದೀವಲ್ಲ, ಹಾಗೆ ಬಿರುಕಿನೊಳಗೆ ಬೆಣಚುಕಲ್ಲಿನ ಬಿಳಿ ನಾಳ ಕಟ್ಟಿತು, ಅದರೊಳಗೆ ಬಂಗಾರದ ಚೂರು ಉಳಿಯಿತು. ಬಯಲಿನ ಹೊಲದಲ್ಲಿ ಯಾಕಿಲ್ಲ ಅಂದರೆ ಅಲ್ಲಿ ಈ ಕಲ್ಲಿನ ಪಟ್ಟಿಯೂ ಇಲ್ಲ, ಈ ಬಿರುಕುಗಳೂ ಇಲ್ಲ. ಇಂಥ ಅದಿರಿನಲ್ಲಿ ಸಾಮಾನ್ಯವಾಗಿ ಒಂದು ಟನ್ ಕಲ್ಲಿಗೆ ಕೆಲವೇ ಗ್ರಾಂ ಬಂಗಾರ ಇರುತ್ತದೆ. ಒಂದು ಉಂಗುರಕ್ಕೆ ಒಂದು ಟ್ರ್ಯಾಕ್ಟರ್ ಕಲ್ಲು ಒಡೆದು ಪುಡಿ ಮಾಡಬೇಕು ಅನ್ನಿ. ಪುಡಿಯಿಂದ ಬಂಗಾರ ಬಿಡಿಸಲು ಸಾಮಾನ್ಯವಾಗಿ ಬಳಸುವುದು ಸೈನೈಡ್. ಗಣಿ ಮಾತು ಬಂದಾಗ ಜನ ನೀರಿನ ಬಗ್ಗೆ ಮೊದಲು ಕೇಳುವುದು ಇದಕ್ಕೇ.

ಈ ಬಂಗಾರ ಹೊಸದಾಗಿ ಸಿಕ್ಕ ಗುಟ್ಟೂ ಅಲ್ಲ. ಮಳೆಗಾಲದಲ್ಲಿ ಗುಡ್ಡದ ಹಳ್ಳಗಳು, ಡೋಣಿ ಹಳ್ಳದಂಥವು, ಸವೆದ ಕಲ್ಲಿನ ಜತೆ ಬಂಗಾರದ ಪುಡಿಯನ್ನೂ ತರುತ್ತವೆ. ಅದನ್ನು ತೊಳೆದು ತೆಗೆಯುವುದೇ ಜಾಲಗಾರರ ಕಸುಬಾಗಿತ್ತು. ಹಳ್ಳದ ಮರಳನ್ನು ಕಟ್ಟಿಗೆಯ ಮರಿಗೆಯಲ್ಲಿ ಹಾಕಿ, ನೀರಿನಲ್ಲಿ ಅದ್ದಿ, ಮೊರದಲ್ಲಿ ಕೇರಿದ ಹಾಗೆ ತೂಗುತ್ತಾರೆ. ಹಗುರ ಮರಳು ಹೋಗುತ್ತದೆ. ಆಮೇಲೆ ಕರಿ ಮರಳು ಉಳಿಯುತ್ತದೆ, ಅದು ಆ ಪಟ್ಟೆ ಕಲ್ಲಿನ ಕಬ್ಬಿಣ. ಕರಿ ಮರಳನ್ನೂ ಮೆಲ್ಲಗೆ ಸರಿಸಿದರೆ ಮರಿಗೆಯ ತಳದಲ್ಲಿ, ಅದೃಷ್ಟ ಇದ್ದರೆ, ಸಾಸಿವೆಗಿಂತ ಸಣ್ಣ ಹಳದಿ ಚುಕ್ಕಿ. ಫೂಟ್ 1874ರಲ್ಲೇ ಡಂಬಳದ ಗುಡ್ಡಗಳ ಬಂಗಾರದ ಬಗ್ಗೆ ಬರೆದಿದ್ದರು. ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಹೊಸೂರು, ಕಬುಲಾಯತಕಟ್ಟಿ ಸುತ್ತ ಗಣಿಗಳನ್ನು ತೋಡಿದರು, ಕೆಲವು ವರ್ಷ ನಡೆಸಿ ನಿಲ್ಲಿಸಿದರು.

ಗಾಳಿ ಜಾಸ್ತಿ, ಮಳೆ ಕಡಿಮೆ

ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗಿಂತ ಜಾಸ್ತಿ ಮಳೆ. ಧಾರವಾಡಕ್ಕೆ ಬಂದರೆ 800ರ ಆಸುಪಾಸು. ಗದಗಕ್ಕೆ ಬಂದರೆ 600ರ ಆಸುಪಾಸು.

ಕಾರಣ ಮಳೆ ನೆರಳು. ಅರಬ್ಬಿ ಸಮುದ್ರದಿಂದ ಬರುವ ಮುಂಗಾರು ಗಾಳಿ ನೀರು ಹೊತ್ತು ಬರುತ್ತದೆ. ಸಹ್ಯಾದ್ರಿ ಅಡ್ಡ ಬಂದಾಗ ಮೇಲೇರಬೇಕು. ಮೇಲೇರಿದರೆ ತಂಪಾಗುತ್ತದೆ, ತಂಪಾದರೆ ನೀರು ಹಿಡಿದಿಟ್ಟುಕೊಳ್ಳಲಾರದೆ ಸುರಿಸುತ್ತದೆ. ಘಟ್ಟದ ಈ ಕಡೆ ಇಳಿಯುವಾಗ ಮತ್ತೆ ಬಿಸಿಯಾಗುತ್ತದೆ, ಮೋಡ ತೆಳುವಾಗುತ್ತದೆ. ಒದ್ದೆ ಪಂಚೆಯನ್ನು ಘಟ್ಟದ ಮೇಲೆ ಹಿಂಡಿ, ಗದಗಕ್ಕೆ ಒಣ ಪಂಚೆ ಕಳಿಸಿದ ಹಾಗೆ. ಅದಕ್ಕೇ ಜುಲೈ, ಆಗಸ್ಟಿನಲ್ಲಿ ಇಲ್ಲಿ ಆಕಾಶ ಮುಚ್ಚಿಕೊಂಡಿರುತ್ತದೆ, ಗಾಳಿ ಬೀಸುತ್ತಲೇ ಇರುತ್ತದೆ, ಮಳೆ ಮಾತ್ರ ಜಿಟಿಜಿಟಿ. ನೆಲ ತೊಯ್ಯುವಂಥ ಮಳೆ ಬರುವುದು ಮುಂಗಾರು ಹಿಂದೆ ಸರಿಯುವಾಗ: ಉತ್ತರಿ, ಹಸ್ತ, ಚಿತ್ತಿ ಮಳೆಗಳು. ಅಂದರೆ ಸೆಪ್ಟೆಂಬರ್, ಅಕ್ಟೋಬರ್. ಹಿಂಗಾರು ಜೋಳ, ಕಡಲೆ, ಕುಸುಬೆ ಈ ನೆಲದ ಬೆಳೆಗಳಾದದ್ದು ಈ ಲೆಕ್ಕಕ್ಕೇ. ಎರೆ ಮಣ್ಣು ಆ ಕೊನೆಯ ಮಳೆಯನ್ನು ಕುಡಿದು ಇಟ್ಟುಕೊಳ್ಳುತ್ತದೆ, ಬೆಳೆ ಅದರ ಮೇಲೆಯೇ ಸಂಕ್ರಾಂತಿ ದಾಟುತ್ತದೆ.

ಗಾಳಿ ಯಾಕಿಷ್ಟು? ಮೊದಲು ಹೇಳಿದ ದಿಕ್ಕು ನೆನಪಿಸಿಕೊಳ್ಳಿ. ಗುಡ್ಡ ವಾಯವ್ಯದಿಂದ ಆಗ್ನೇಯಕ್ಕೆ ಮಲಗಿದೆ. ಮುಂಗಾರು ಗಾಳಿ ಪಶ್ಚಿಮ, ನೈರುತ್ಯದಿಂದ ಬರುತ್ತದೆ. ಅಂದರೆ ಗಾಳಿಗೆ ಗುಡ್ಡ ಸರಿಯಾಗಿ ಅಡ್ಡ. ಘಟ್ಟ ಇಳಿದ ಮೇಲೆ ಬಯಲಿನಲ್ಲಿ ತಡೆಯೇ ಇಲ್ಲದೆ ಬಂದ ಗಾಳಿಗೆ ಇಲ್ಲಿ ಗೋಡೆ ಸಿಗುತ್ತದೆ. ದಾಟಬೇಕು, ದಾಟಲು ಜಾಗ ಇಕ್ಕಟ್ಟು. ನೀರಿನ ಪೈಪಿನ ಬಾಯಿಗೆ ಬೆರಳಿಟ್ಟರೆ ನೀರು ಚಿಮ್ಮುವುದಿಲ್ಲವೇ? ಹಾಗೆ ಏಣಿನ ಮೇಲೆ ಗಾಳಿ ವೇಗ ಹೆಚ್ಚಿಸಿಕೊಳ್ಳುತ್ತದೆ. ಗುಡ್ಡದ ಸಾಲಿನ ಮೇಲೆ ಗಾಳಿಯಂತ್ರಗಳು ನಿಂತದ್ದು ಇದಕ್ಕೇ. ಆದರೆ ಯಂತ್ರ ಬರುವುದಕ್ಕೆ ಬಹಳ ಮೊದಲೇ ಜನಕ್ಕೆ ಇದು ಗೊತ್ತಿತ್ತು. ಅಲ್ಲಿಯ ಎತ್ತರದ ನೆತ್ತಿಗೆ ಅವರು ಇಟ್ಟ ಹೆಸರು ಗಾಳಿಗುಂಡಿ ಬಸವಣ್ಣ.

ನಾನು ಒಮ್ಮೆ ಆಗಸ್ಟಿನಲ್ಲಿ ಬೆಳಿಗ್ಗೆ ಏಳರ ಹೊತ್ತಿಗೆ ಆ ಏಣಿನ ಮೇಲೆ ನಿಂತಿದ್ದೆ. ಮಂಜು ಪಶ್ಚಿಮದ ಇಳಿಜಾರಿನಿಂದ ಹತ್ತಿ ಬಂದು, ಏಣು ದಾಟಿ, ಆಚೆ ಇಳಿಯುತ್ತ ಇಳಿಯುತ್ತ ಕಣ್ಣೆದುರೇ ಕರಗಿ ಹೋಗುತ್ತಿತ್ತು. ಮಳೆ ನೆರಳು ಅನ್ನುವುದು ಪಾಠದಲ್ಲಿ ಎಷ್ಟೋ ಸಲ ಓದಿದ್ದೆ. ಅವತ್ತು ಸಣ್ಣ ಅಳತೆಯಲ್ಲಿ ಅದು ನಡೆಯುವುದನ್ನೇ ನೋಡಿದೆ. ಗಡ್ಡ, ಹುಬ್ಬು ಎಲ್ಲಾ ಒದ್ದೆ, ಆದರೆ ನೆಲದ ಮೇಲೆ ಒಂದು ಹನಿ ಬಿದ್ದ ಗುರುತಿಲ್ಲ.

ಹಾಗಾದರೆ ಗುಡ್ಡ ಮಳೆ ತರುತ್ತದೆಯಾ?

ಮೆಸೇಜಿನ ಕೊನೆಯ ಮಾತು ಇದಾಗಿತ್ತು. ಮುಂಗಾರು ಮಳೆಯನ್ನು ನಡೆಸುವುದು ಸಮುದ್ರ, ಭೂಖಂಡದ ಕಾವು, ಸಹ್ಯಾದ್ರಿ. ಇಷ್ಟು ಸಣ್ಣ ಗುಡ್ಡಕ್ಕೆ ಜಿಲ್ಲೆಯ ಮಳೆಯನ್ನೇ ತರುವ, ತಡೆಯುವ ಶಕ್ತಿ ಇಲ್ಲ. ಇಳಿಜಾರಿನಲ್ಲಿ ಅಷ್ಟಿಷ್ಟು ತುಂತುರು, ಮಂಜು, ಇಬ್ಬನಿ ಹೆಚ್ಚಾಗಬಹುದು.

ಗುಡ್ಡದ ನಿಜವಾದ ಕೆಲಸ ಇರುವುದು ಬಿದ್ದ ಮಳೆಯನ್ನು ಹಿಡಿಯುವುದರಲ್ಲಿ. ಪದರಗಳು ನೆಟ್ಟಗೆ ನಿಂತಿವೆ ಅಂದೆನಲ್ಲ, ಪುಸ್ತಕಗಳನ್ನು ಬೆನ್ನು ಮೇಲೆ ಮಾಡಿ ನಿಲ್ಲಿಸಿ ಮೇಲೆ ನೀರು ಹಾಕಿದರೆ ಸಂದಿಯಲ್ಲಿ ಇಳಿಯುವ ಹಾಗೆ ನೀರು ಕಲ್ಲಿನ ಸಂದಿ ಹಿಡಿದು ಒಳಗೆ ಹೋಗುತ್ತದೆ. ಹೋಗಲು ಸಮಯ ಬೇಕು. ಆ ಸಮಯ ಕೊಡುವುದು ಹುಲ್ಲು, ಕುರುಚಲು, ಉದುರಿದ ಎಲೆ. ಇವು ಇದ್ದರೆ ನೀರು ನಿಂತು ಇಳಿಯುತ್ತದೆ, ತಿಂಗಳುಗಟ್ಟಲೆ ಬುಡದ ಹಳ್ಳ, ಬಾವಿ, ಕೆರೆಗಳಿಗೆ ಒಸರುತ್ತದೆ. ಇಲ್ಲದಿದ್ದರೆ ಅದೇ ಮಳೆ ಒಂದು ತಾಸಿನಲ್ಲಿ ಕೆಂಪಾಗಿ ಹಳ್ಳ ಸೇರಿ ತುಂಗಭದ್ರೆಗೆ ಹೋಗುತ್ತದೆ, ಜತೆಗೆ ಮಣ್ಣನ್ನೂ ಒಯ್ಯುತ್ತದೆ. ಮುಂಡರಗಿ ಕಡೆಯ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ತೊಂದರೆ ಇರುವುದು ಅಲ್ಲಿಯವರಿಗೆ ಗೊತ್ತು. ಆಳದ ಕಲ್ಲಿನಲ್ಲಿ ಬಹಳ ಕಾಲ ನಿಂತ ನೀರಿಗೆ ಫ್ಲೋರೈಡ್ ಸೇರುತ್ತದೆ. ಮೇಲ್ಪದರದ ಹೊಸ ನೀರು ಎಷ್ಟು ಸಿಕ್ಕರೆ ಅಷ್ಟು ಒಳ್ಳೆಯದು.

ಕುಳ್ಳ ಗಿಡ, ಘಮಘಮ ಹುಲ್ಲು

ಸಹ್ಯಾದ್ರಿ ನೋಡಿ ಬಂದವರಿಗೆ ಇಲ್ಲಿಯ ಕಾಡು ಕಾಡೇ ಅನ್ನಿಸುವುದಿಲ್ಲ. ಗಿಡ ಕುಳ್ಳ, ಎಲೆ ಸಣ್ಣ, ಬೇಸಿಗೆಯಲ್ಲಿ ಬರಿ ಕಡ್ಡಿ. ಇದು ಬರಡಲ್ಲ, ಒಣ ನೆಲದ ಜಾಣತನ. ಏಣಿನ ಮೇಲೆ ಮಣ್ಣು ಗೇಣುದ್ದವೂ ಇಲ್ಲ, ವರ್ಷದಲ್ಲಿ ಏಳೆಂಟು ತಿಂಗಳು ಮಳೆಯಿಲ್ಲ, ಗಾಳಿ ಬೇರೆ. ದೊಡ್ಡ ಎಲೆ ಇಟ್ಟುಕೊಂಡರೆ ನೀರು ಹಾರಿ ಹೋಗುತ್ತದೆ. ಹಾಗಾಗಿ ದಿಂಡಿಗ, ಕಮರ, ಜಾಲಿ, ಬಂದರಿಕೆಯಂಥ ಗಿಡಗಳು ಎಲೆ ಸಣ್ಣ ಮಾಡಿಕೊಂಡೋ ಉದುರಿಸಿಯೋ ಕಾಲ ಕಳೆಯುತ್ತವೆ. ಒಂದೊಂದು ಎಲೆಯೂ ಕಷ್ಟಪಟ್ಟು ಬೆಳೆಸಿದ್ದು, ದನ, ಹುಳ ತಿನ್ನಬಾರದು ಅಂತ ಒಣ ನೆಲದ ಎಷ್ಟೋ ಗಿಡಗಳು ಎಲೆಯಲ್ಲಿ ಕಹಿ, ಒಗರು, ಘಾಟು ತುಂಬಿಕೊಳ್ಳುತ್ತವೆ. ಔಷಧಿ ಸಸ್ಯಗಳಿಗೆ ಕಪ್ಪತಗುಡ್ಡ ಹೆಸರಾಗಿರುವುದಕ್ಕೆ ಇದು ಒಂದು ಕಾರಣ. ಇನ್ನೊಂದು ಕಾರಣ ಆ ಕೊಳ್ಳಗಳು: ಏಣು ಒಣ, ಕೊಳ್ಳ ತಂಪು, ಒಂದು ಬದಿಗೆ ಬಿಸಿಲು, ಇನ್ನೊಂದಕ್ಕೆ ನೆರಳು, ನೂರು ಹೆಜ್ಜೆಗೆ ಬೇರೆ ಬೇರೆ ಗಿಡಕ್ಕೆ ಬೇರೆ ಬೇರೆ ಮನೆ.

ಆಳೆತ್ತರದ ಬಾದೆ ಹುಲ್ಲನ್ನು ಬೆರಳಲ್ಲಿ ತಿಕ್ಕಿ ಮೂಸಿ ನೋಡಿ, ನಿಂಬೆಯ ವಾಸನೆ. ಮಳೆಗಾಲದಲ್ಲಿ ಹಸಿರು ಸಮುದ್ರ, ಫೆಬ್ರುವರಿ ಹೊತ್ತಿಗೆ ಒಣಗಿದ ಮೆದೆ. ಎಣ್ಣೆಯಂಶ ಇರುವ ಹುಲ್ಲು, ಮೇಲೆ ಆ ಗಾಳಿ. ಬೇಸಿಗೆಯಲ್ಲಿ ಒಂದು ಬೀಡಿ ತುಂಡು ಸಾಕು, ಬೆಂಕಿ ಸಾಲಿನಿಂದ ಸಾಲಿಗೆ ಹಾರುತ್ತದೆ. ತೋಳ, ಕತ್ತೆಕಿರುಬ, ಚಿರತೆ, ನಾಲ್ಕು ಕೊಂಬಿನ ಕೊಂಡುಕುರಿ, ನವಿಲು ಎಲ್ಲಾ ಈ ಹುಲ್ಲು ಕುರುಚಲನ್ನೇ ನಂಬಿವೆ. ಇವು ದಟ್ಟ ಕಾಡು ಬೇಡುವ ಪ್ರಾಣಿಗಳಲ್ಲ, ಬಯಲು ಮತ್ತು ಮರೆ ಎರಡೂ ಬೇಡುವಂಥವು.

ಸುದ್ದಿಯಲ್ಲಿ ಬರುವ ಮೂರು ಪದ

ಸಂರಕ್ಷಿತ ಮೀಸಲು, ವನ್ಯಜೀವಿ ಧಾಮ, ಪರಿಸರ ಸೂಕ್ಷ್ಮ ವಲಯ. ಮೂರೂ ಒಂದೇ ಅನ್ನಿಸುತ್ತವೆ, ಅಲ್ಲ.

ಸಂರಕ್ಷಿತ ಮೀಸಲು ಅನ್ನುವುದು 1972ರ ವನ್ಯಜೀವಿ ಕಾಯ್ದೆಗೆ 2002ರ ತಿದ್ದುಪಡಿಯಲ್ಲಿ ಸೇರಿದ್ದು. ಸರ್ಕಾರಿ ಜಮೀನಿಗೆ, ಸುತ್ತಲಿನ ಜನರನ್ನು ಕೇಳಿ ಕೊಡುವ ಸ್ವಲ್ಪ ಸಡಿಲ ರಕ್ಷಣೆ. ಕಪ್ಪತಗುಡ್ಡಕ್ಕೆ ಇದು 2015ರಲ್ಲಿ ಸಿಕ್ಕಿತು, 2016ರಲ್ಲಿ ವಾಪಸ್ಸಾಯಿತು. ಗದಗದಲ್ಲಿ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮೀಜಿಯವರ ಮುಂದಾಳತನದಲ್ಲಿ ಜನ ಧರಣಿ ಕುಳಿತರು. 2017ರಲ್ಲಿ ಮೀಸಲು ಮತ್ತೆ ಬಂತು. 2019ರಲ್ಲಿ ಸುಮಾರು 244 ಚದರ ಕಿಲೋಮೀಟರ್ ವನ್ಯಜೀವಿ ಧಾಮವಾಯಿತು. ಇದು ಬಿಗಿ ರಕ್ಷಣೆ. ಗಡಿ ಬದಲಿಸಬೇಕೆಂದರೆ ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಶಿಫಾರಸು ಬೇಕು. ಪರಿಸರ ಸೂಕ್ಷ್ಮ ವಲಯ ಅಂದರೆ ಧಾಮದ ಹೊರಗಿನ ಸುತ್ತು, ಮನೆಗೆ ಕಂಪೌಂಡ್ ಇದ್ದ ಹಾಗೆ. ಅಲ್ಲಿ ಒಕ್ಕಲುತನಕ್ಕೆ ಅಡ್ಡಿಯಿಲ್ಲ, ಗಣಿ, ಕ್ರಷರ್‌ನಂಥ ಕೆಲಸಗಳಿಗೆ ಕಟ್ಟಳೆ. ಧಾಮದ ಒಳಗೆ ಮತ್ತು ಗಡಿಯಿಂದ 1 ಕಿಲೋಮೀಟರ್ ಒಳಗೆ ಗಣಿಗಾರಿಕೆ ಕೂಡದು ಅಂತ ಸುಪ್ರೀಂ ಕೋರ್ಟ್ 2023ರಲ್ಲಿ ಮತ್ತೆ ಹೇಳಿದೆ. ಹಾಗಾಗಿ ಗಣಿ ಸುದ್ದಿ ಬಂದಾಗಲೆಲ್ಲ ಮೊದಲು ನೋಡಬೇಕಾದ್ದು ಜಾಗ ಎಲ್ಲಿದೆ ಅನ್ನುವುದು: ಧಾಮದ ಒಳಗೋ, ಸುತ್ತಿನಲ್ಲೋ, ಅದರಾಚೆಯೋ.

ಗದಗದಿಂದ ಮುಂಡರಗಿಗೆ ಹೋಗುವಾಗ

ಬಸ್ಸಿನಲ್ಲಿ ಬಲಗಡೆ ಕಿಟಕಿ ಹಿಡಿಯಿರಿ. ಊರು ಬಿಟ್ಟ ಮೇಲೆ ರಸ್ತೆ ಬದಿಯ ಮಣ್ಣನ್ನು ನೋಡುತ್ತಿರಿ. ಎರೆ ಇದ್ದಲ್ಲಿ ಕಪ್ಪು, ಬೇಸಿಗೆಯಾದರೆ ಕೈ ಹೋಗುವಷ್ಟು ಬಿರುಕು. ಗುಡ್ಡ ಹತ್ತಿರ ಬಂದಂತೆ ಮಣ್ಣು ಕೆಂಪಾಗುತ್ತದೆ, ಕಲ್ಲು ಕಲ್ಲಾಗುತ್ತದೆ, ಅದು ಮಸಾರಿ. ಹೊಲದ ಬೆಳೆಯೂ ಬದಲಾಗುತ್ತದೆ. ಆ ಬಣ್ಣ ಬದಲಾದ ಜಾಗದಲ್ಲೇ ಅಡಿಯ ಕಲ್ಲೂ ಬದಲಾಗಿರುತ್ತದೆ ಅಂತ ಬಹಳ ಸಲ ಹೇಳಬಹುದು. ಆಮೇಲೆ ತಲೆಯೆತ್ತಿ ಏಣಿನ ಗೆರೆ ನೋಡಿ. ನೇರ, ಚೂಪು, ಒಂದೇ ದಿಕ್ಕಿಗೆ. ನಮ್ಮ ಹುಡುಗಿಯನ್ನು ಮೊನ್ನೆ ಆ ದಾರಿಯಲ್ಲಿ ಕರೆದುಕೊಂಡು ಹೋಗಿದ್ದೆ. ಡಂಬಳದಲ್ಲಿ ಇಳಿದು ದೊಡ್ಡಬಸಪ್ಪನ ಗುಡಿಯ ಗೋಡೆ ಮುಟ್ಟಿ ನೋಡಿದಳು. "ಇದು ನುಣ್ಣಗೈತಿ, ಗುಡ್ಡದ ಮ್ಯಾಲಿನ ಕಲ್ಲು ಹಿಂಗಿಲ್ಲ ಅಂದ್ರೆ ಇದು ಕೊಳ್ಳದಾಗಿನ ಕಲ್ಲೇನು?" ಅಂತ ಕೇಳಿದಳು. ಮೆತ್ತನೆ ಕಲ್ಲು ಇರುವುದು ತಗ್ಗಿನಲ್ಲೇ ಅಲ್ವಾ ಅಂತ ತಾನೇ ಲೆಕ್ಕ ಹಾಕುತ್ತ ನಿಂತಳು.